ಹಿಡಿ ಅಳತೆ

ತೊಟ್ಟಿಲು ಕೋಣೆಗೆ ಬಂದ ದಿನ ಮಗುವಿಗೆ ಹತ್ತೊಂಬತ್ತು ದಿನ. ತಾಯಿಯ ಕೋಪಕ್ಕೆ ಆಗಲೇ ಆರು ವಾರ ತುಂಬಿತ್ತು.

ಕೋಪ ಅಂದರೆ ಪಾತ್ರೆ ಎಸೆಯುವ, ಬಾಗಿಲು ಬಡಿಯುವ ಕೋಪವಲ್ಲ. ಆ ಮನೆಯ ಸೊಸೆಗೆ ಅಂಥದ್ದು ಬರುತ್ತಿರಲಿಲ್ಲ. ಅವಳದು ಗಂಟಲಲ್ಲೇ ಸಿಕ್ಕಿಕೊಳ್ಳುವ ಜಾತಿಯದು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಮುಂದಿನ ವಿಷಯಕ್ಕೆ ಹೋಗಿಬಿಟ್ಟಿರುತ್ತಿದ್ದರು. ಅವಳು ಆ ಮಾತನ್ನು ನುಂಗಿಕೊಂಡು ಬಚ್ಚಲುಮನೆಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಒಂದಕ್ಷರ ಬಿಡದೆ ಹೇಳಿ ಮುಗಿಸುತ್ತಿದ್ದಳು. ಬಂದವರ ಎದುರು ಅತ್ತೆ ಅವಳನ್ನು "ನಮ್ಮ ಮೌನಗೌರಿ" ಅನ್ನುತ್ತಿದ್ದರು, ಹೊಗಳಿಕೆಯೋ ಎಂಬಂತೆ. ಅದೆಂಥ ಗೌರಿ ಎಂದು ಆ ನಲ್ಲಿಗೆ ಮಾತ್ರ ಗೊತ್ತಿತ್ತು.

ಮನೆ ಬಡಗಿಗಳದು. ಕೆಳಗೆ ಕಾರ್ಖಾನೆ, ಮೇಲೆ ವಾಸ. ಬೆಳಗ್ಗೆ ಎಂಟಕ್ಕೆ ಕೆಳಗೆ ಗರಗಸದ ಯಂತ್ರ ಶುರುವಾದರೆ ಮೇಲೆ ಸ್ಟ್ಯಾಂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು; ಎಷ್ಟು ಗುಡಿಸಿದರೂ ಕಿಟಕಿಯ ದಂಡೆಯ ಮೇಲೆ ಸಣ್ಣ ಹೊಟ್ಟು. ಮಾವನನ್ನು ಬೀದಿಯವರೆಲ್ಲ ಮೇಸ್ತ್ರಿ ಅನ್ನುತ್ತಿದ್ದರು. ಗಂಡ ಅಪ್ಪನ ಕೈಕೆಳಗೇ ಕೆಲಸ ಕಲಿತು ಈಗ ಅರ್ಧ ಮೇಸ್ತ್ರಿಯಾಗಿದ್ದ. ಸೊಸೆಯೊಬ್ಬಳೇ ಆ ಮನೆಯಲ್ಲಿ ಮರ ಮುಟ್ಟದವಳು. ಅವಳು ಕನ್ನಡಕದ ಅಂಗಡಿಯಲ್ಲಿ ಅಳತೆ ತೆಗೆಯುತ್ತಿದ್ದಳು. ಗಿರಾಕಿಯ ಎದುರು ಕೂತು, ಎರಡು ಕಣ್ಣುಪಾಪೆಗಳ ನಡುವಿನ ದೂರವನ್ನು ಸಣ್ಣ ಉಕ್ಕಿನ ಸ್ಕೇಲಿನಿಂದ ಅಳೆದು ಬರೆಯುವ ಕೆಲಸ. ಮೂರು ಮಿಲಿಮೀಟರ್ ತಪ್ಪಿದರೆ ಆ ಮನುಷ್ಯನಿಗೆ ತಲೆನೋವು, ಮೆಟ್ಟಿಲು ಇಳಿಯುವಾಗ ಮುಗ್ಗರಿಸುವುದು. ಗಂಡನಿಗೆ ಪ್ರೀತಿ ಉಕ್ಕಿದಾಗ ಅವಳು "ಮಿಲಿಮೀಟರ್ ಮಹಾರಾಣಿ". ಪ್ರೀತಿ ಉಕ್ಕದಾಗಲೂ ಅದೇ ಹೆಸರು, ದನಿ ಮಾತ್ರ ಬೇರೆ.

ಆರು ವಾರದ ಹಿಂದೆ, ಹೊಟ್ಟೆ ಬಾಗಿಲಿಗಿಂತ ಮುಂಚೆ ಒಳಗೆ ಹೋಗುತ್ತಿದ್ದ ದಿನಗಳಲ್ಲಿ, ಅವಳು ಗಂಡನ ಜೊತೆ ಮಕ್ಕಳ ಸಾಮಾನಿನ ಅಂಗಡಿಗೆ ಹೋಗಿ ಒಂದು ತೊಟ್ಟಿಲು ಆರಿಸಿದ್ದಳು. ತೂಗುವ ತೊಟ್ಟಿಲಲ್ಲ; ಮಂಚದ ಮಗ್ಗುಲಿಗೆ ಒತ್ತಿ, ಪಟ್ಟಿಯಿಂದ ಬಿಗಿದು ಕಟ್ಟುವಂಥದ್ದು. ಮೂರು ಕಡೆ ಗೋಡೆ, ತಾಯಿಯ ಹಾಸಿಗೆಯ ಕಡೆ ಬಯಲು. ಮಲಗಿದಲ್ಲಿಂದಲೇ ಕೈ ಚಾಚಿದರೆ ಮಗು ಸಿಗುತ್ತದೆ, ಆದರೆ ಮಗುವಿನ ಹಾಸಿಗೆ ಮಗುವಿನದೇ. ಆಸ್ಪತ್ರೆಯಲ್ಲಿ ಬಸುರಿಯರಿಗೆ ತರಗತಿ ತೆಗೆದುಕೊಳ್ಳುತ್ತಿದ್ದ ಎತ್ತರದ ನರ್ಸ್ ಎಲ್ಲವನ್ನೂ ಬರೆಸಿದ್ದರು. ಹಾಸಿಗೆ ಗಟ್ಟಿ ಇರಬೇಕು. ಮಂಚಕ್ಕೂ ತೊಟ್ಟಿಲಿಗೂ ನಡುವೆ ಸಂದಿ ಇರಬಾರದು. ಒಳಗೆ ದಿಂಬು, ರಜಾಯಿ, ಗೊಂಬೆ ಏನೂ ಬೇಡ. ಸರಳಿನ ತೊಟ್ಟಿಲಾದರೆ ಸರಳಿಗೂ ಸರಳಿಗೂ ನಡುವೆ ಆರು ಸೆಂಟಿಮೀಟರಿಗಿಂತ ಹೆಚ್ಚು ಜಾಗ ಇರಕೂಡದು.

"ಯಾಕೆ ಹೇಳಿ?" ಎಂದು ಆ ನರ್ಸ್ ಕೇಳಿ, ತಾವೇ ಉತ್ತರ ಹೇಳಿದ್ದರು. "ಮಗುವಿನ ಮೈ ಜಾರುತ್ತೆ. ತಲೆ ಜಾರಲ್ಲ."

ಅವಳು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

ಅಂಗಡಿಯಲ್ಲಿ ಅವಳು ಪರ್ಸಿನಿಂದ ಉಕ್ಕಿನ ಸ್ಕೇಲು ತೆಗೆದು ಏಳು ತೊಟ್ಟಿಲು ಅಳೆದಳು. ಮಾರುವ ಹುಡುಗಿ ಮೊದಲು ಮುಖ ಸಿಂಡರಿಸಿ, ಆಮೇಲೆ ಕುತೂಹಲದಿಂದ ಸ್ಕೇಲಿನ ಇನ್ನೊಂದು ತುದಿ ಹಿಡಿದುಕೊಂಡಳು. ಕೊನೆಗೆ ಜಾಲರಿ ಗೋಡೆಯ, ಪಟ್ಟಿ ಗಟ್ಟಿಯಾಗಿದ್ದ ಒಂದನ್ನು ಆರಿಸಿದ್ದಾಯಿತು. ಗಂಡ "ನಿನಗೆ ಸರಿ ಅನ್ನಿಸಿದ್ರೆ ಸರಿ" ಅಂದ. ಆ ಮಾತನ್ನು ಅವಳು ಮನೆಯವರೆಗೂ ಬಾಯಲ್ಲಿ ಸಕ್ಕರೆಯ ಹಾಗೆ ಇಟ್ಟುಕೊಂಡು ಬಂದಳು.

ಮೂರನೆಯ ದಿನ ಕೆಲಸದಲ್ಲಿದ್ದಾಗ ಅದೇ ಹುಡುಗಿಯ ಫೋನು. "ಮೇಡಂ, ನಿಮ್ಮ ಯಜಮಾನ್ರು ಆರ್ಡರ್ ಕ್ಯಾನ್ಸಲ್ ಮಾಡಿದ್ರಲ್ಲ, ಬಣ್ಣ ಇಷ್ಟ ಆಗ್ಲಿಲ್ವಾ? ಬೂದಿ ಬಣ್ಣದ್ದೂ ಇದೆ."

ಮನೆಗೆ ಬಂದು ಕೇಳಿದರೆ ಗಂಡ ನಕ್ಕ. "ಬಡಗಿ ಮನೇಲಿ ಅಂಗಡಿ ತೊಟ್ಟಿಲಾ? ಬೀದಿಯವರು ಉಗೀತಾರೆ ಅಷ್ಟೆ. ಅಪ್ಪನೇ ಮಾಡ್ತಾರಂತೆ. ಮೊದಲನೇ ಮೊಮ್ಮಗು ಅಲ್ವಾ?"

"ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಅವಳು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಅಲ್ಲಿಂದ ಲೆಕ್ಕ ಹಿಡಿದರೆ ಆರು ವಾರ.

ಮಗು ಹುಟ್ಟಿತು, ತೊಟ್ಟಿಲು ಹುಟ್ಟಲಿಲ್ಲ. ಇವತ್ತು ಮರ ಒಣಗಿಲ್ಲ, ನಾಳೆ ಕಾಲು ಕಡೆಯಬೇಕು, ನಾಡಿದ್ದು ಪಾಲಿಶ್. ಹೊಲಿಗೆ ಹಾಕಿದ ಮೈ ಹೊತ್ತುಕೊಂಡು ಅವಳು ನೆಲದ ಮೇಲೆ ಚಾಪೆ ಹಾಸಿ, ಪಕ್ಕದಲ್ಲಿ ಮಗುವಿಗೆ ಬೇರೆಯದೇ ಗಟ್ಟಿ ಹಾಸಿಗೆ ಹಾಕಿ, ಪ್ರತಿ ಸಲ ಏಳುವಾಗಲೂ ಕಿಟಕಿಯ ದಂಡೆ ಹಿಡಿದು ಹಲ್ಲು ಕಚ್ಚಿ ಏಳುತ್ತಿದ್ದಳು. ಗಂಡ ಮಂಚದ ಮೇಲೆ ಒಬ್ಬನೇ ಕೈಕಾಲು ಚೆಲ್ಲಿ ಮಲಗಿ, "ಪಾಪ, ನಿನಗೆ ಕಷ್ಟ" ಅನ್ನುತ್ತಿದ್ದ. ಹಾಗೆ ಅಂದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂತೂ ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಅಪ್ಪ ಮಗ ಇಬ್ಬರೂ ಅದನ್ನು ಮೆಟ್ಟಿಲ ಮೇಲೆ ಹೊತ್ತು ತಂದರು. "ಎಡಕ್ಕೋ, ಎಡಕ್ಕೆ! ಗೋಡೆ ಗೀರ್ತೀಯ." "ನೀವೇ ಬಾಗ್ಲಿಗೆ ಅಡ್ಡ ನಿಂತಿದ್ದೀರಲ್ಲಪ್ಪ." ಅತ್ತೆ ಮುಂದೆ ಮುಂದೆ ಓಡಿ ಕುರ್ಚಿ ಸರಿಸಿದರು.

ಸುಳ್ಳು ಹೇಳಬಾರದು, ತೊಟ್ಟಿಲು ಚೆಂದವಿತ್ತು. ಹೊಂಬಣ್ಣದ ಮರ, ಎಲ್ಲೂ ಒಂದು ಮೊಳೆಯ ತಲೆ ಕಾಣದು, ಮೂಲೆಗಳೆಲ್ಲ ಸವೆದ ಸೋಪಿನ ಹಾಗೆ ನುಣುಪು. ಮಂಚಕ್ಕೆ ಒತ್ತಿ ಬಿಗಿದಾಗ ನಡುವೆ ಕಾಗದ ತೂರುವಷ್ಟೂ ಜಾಗವಿಲ್ಲ. ಹಾಸಿಗೆಯ ಮಟ್ಟವೂ ಸರಿಯಾಗಿ ಕೂತಿತ್ತು. ಅವಳ ಎದೆಯೊಳಗೆ ಏನೋ ಕರಗಿತು. ಮಾವ ಕೆಲಸ ಬಲ್ಲವರು, ನಾನೇ ಸುಮ್ಮನೆ ಆರು ವಾರ ಕುದಿದೆ ಎಂದುಕೊಂಡು ಸರಳಿನ ಮೇಲೆ ಕೈ ಇಟ್ಟಳು. ಕೈ ಸೀದಾ ಒಳಗೆ ಹೋಯಿತು. ಮುಂಗೈವರೆಗೂ ಹೋಗಿ, ಯಾವ ತಡೆಯೂ ಇಲ್ಲದೆ ಹೊರಗೆ ಬಂತು.

ಅವಳು ಪರ್ಸಿನಿಂದ ಸ್ಕೇಲು ತಂದಳು. ಎಂಬತ್ತೆಂಟು ಮಿಲಿಮೀಟರ್. ಪಕ್ಕದ ಸಂದಿ ಎಂಬತ್ತೆಂಟು. ಅದರ ಪಕ್ಕದ್ದೂ ಎಂಬತ್ತೆಂಟು. ಮೂರು ಕಡೆಯನ್ನೂ ಅಳೆದಳು. ಒಂದೇ ಒಂದು ಕಡೆ ಎಂಬತ್ತೊಂಬತ್ತು. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲು ಮಾವನೊಬ್ಬರಿಗೇ ಸಾಧ್ಯ.

"ಮಾವ, ಸಂದಿ ಜಾಸ್ತಿ ಆಯ್ತು."

ಯಾರೂ ಕೇಳಿಸಿಕೊಳ್ಳಲಿಲ್ಲ. ಅತ್ತೆ ಮರ ಸವರುತ್ತಿದ್ದರು, ಗಂಡ ಫೋಟೋ ತೆಗೆಯುತ್ತಿದ್ದ.

"ಮಾವ, ಸಂದಿ ಜಾಸ್ತಿ ಇದೆ."

ಈ ಸಲ ಮೂವರೂ ತಿರುಗಿ ನೋಡಿದರು, ಗಡಿಯಾರ ಮಾತಾಡಿತೋ ಎಂಬಂತೆ.

"ಯಾರಿಗೆ ಜಾಸ್ತಿ?" ಎಂದರು ಮಾವ.

"ಮಗೂಗೆ. ಆರು ಸೆಂಟಿಮೀಟರ್ ದಾಟಬಾರದು ಅಂತ ಆಸ್ಪತ್ರೇಲಿ ಹೇಳಿದ್ರು. ಇದು ಒಂಬತ್ತರ ಹತ್ರ ಇದೆ."

ಮಾವ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವರು ನಕ್ಕು, ತಮ್ಮ ದಪ್ಪ ಕೈಯನ್ನು ಮುಷ್ಟಿ ಮಾಡಿ ಎರಡು ಸರಳುಗಳ ನಡುವೆ ಇಟ್ಟರು. ಬಾಟಲಿಗೆ ಬಿರಡೆ ಕೂತ ಹಾಗೆ ಕೂತಿತು. "ಇದು ಸೆಂಟಿಮೀಟರ್ ಅಲ್ಲಮ್ಮ, ಹಿಡಿ ಅಳತೆ. ನಮ್ಮಪ್ಪಂದು. ಸರಳಿಗೆ ಸರಳು ಒಂದು ಹಿಡಿ, ಹಾಸಿಗೆಯಿಂದ ಮೇಲಕ್ಕೆ ಒಂದು ಮೊಳ. ಅವರು ಮಾಡಿದ ತೊಟ್ಟಿಲಲ್ಲಿ ಬೆಳೀದಿರೋ ಮಗು ಆ ಕಾಲಕ್ಕೆ ಈ ಬೀದೀಲಿ ಇರಲಿಲ್ಲ, ಗೊತ್ತಾ?"

ಗೊತ್ತಿತ್ತು. ಗಂಡನ ತಾತ, ಊರವರ ಬಾಯಲ್ಲಿ ದೊಡ್ಡ ಮೇಸ್ತ್ರಿ, ಅವಳು ಈ ಮನೆಗೆ ಬರುವುದಕ್ಕೆ ಎಷ್ಟೋ ಮುಂಚೆ ಹೋಗಿದ್ದರು. ತೊಟ್ಟಿಲಿಗೆ ಹೆಸರುವಾಸಿ. ಅವರು ಹೋದ ಮೇಲೆ ಕಾರ್ಖಾನೆಯಲ್ಲಿ ಬಾಗಿಲು, ಕಿಟಕಿ, ಕಪಾಟು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಈಗ ಮೊಮ್ಮಗುವಿನ ನೆಪದಲ್ಲಿ ಮಾವ ಅಪ್ಪನ ಕೆಲಸವನ್ನು ಮತ್ತೆ ಎತ್ತಿಕೊಂಡಿದ್ದರು.

"ಹತ್ತೊಂಬತ್ತು ದಿನದ ಕೂಸು," ಎಂದರು ಅತ್ತೆ, "ಮಗ್ಗುಲು ಹೊರಳೋಕೂ ಬರಲ್ಲ. ಸರಳಿನ ತನಕ ಏನು ನಡ್ಕೊಂಡು ಹೋಗುತ್ತಾ?"

ಮೂವರೂ ನಕ್ಕರು.

"ಕಾಲು ಒದೆಯುತ್ತೆ, ಅತ್ತೆ. ಒದ್ದೂ ಒದ್ದೂ ಜರುಗುತ್ತೆ. ಕಾಲು ಹೊರಗೆ ಹೋಗುತ್ತೆ, ಸೊಂಟ ಹೋಗುತ್ತೆ, ಆಮೇಲೆ..." ಅವಳು ಕಿಟಕಿಯ ದಂಡೆಯ ಮೇಲೆ ಗಂಡ ಕುಡಿದಿಟ್ಟಿದ್ದ ಕೂಲ್ ಡ್ರಿಂಕ್ ಡಬ್ಬಿ ತೆಗೆದುಕೊಂಡಳು. ಡಬ್ಬಿ ಸರಳಿನ ನಡುವೆ ತೂರಬಾರದು ಎಂದು ನರ್ಸ್ ಹೇಳಿದ್ದರು. ಅವಳು ತೂರಿಸಿದಳು. ಡಬ್ಬಿ ಸಲೀಸಾಗಿ ಆಚೆ ಹೋಗಿ, ಟಣ್ಣೆಂದು ನೆಲಕ್ಕೆ ಬಿದ್ದು, ಮಾವನ ಕಾಲ ಬಳಿಗೆ ಉರುಳಿತು.

"ನಮ್ಮದು ಡಬ್ಬಿ ಅಲ್ಲ ಮಾರಾಯ್ತಿ, ಮಗು," ಎಂದ ಗಂಡ. ಮತ್ತೆ ನಗು. "ಅಷ್ಟು ಭಯ ಇದ್ರೆ ಸುತ್ತ ರಜಾಯಿ ಕಟ್ಟಿದ್ರೆ ಆಯ್ತು."

"ಅದು ಮುಖದ ಮೇಲೆ ಬಿದ್ರೆ ಉಸಿರು ಕಟ್ಟುತ್ತೆ."

"ಸರಳು ಬಿಟ್ರೂ ತಪ್ಪು," ಎಂದ ಗಂಡ, "ಮುಚ್ಚಿದ್ರೂ ತಪ್ಪು. ಇನ್ನೆಲ್ಲಿ ಮಲಗಬೇಕು ಅದು, ಆಕಾಶದಲ್ಲಾ? ಬೇರೆಯವರಿಗಿಲ್ಲದ್ದು ನಿನಗೇನು? ಈಗಾಗ್ಲೇ ಮೂರು ಮನೆಗೆ ಕೊಟ್ಟಾಯ್ತು. ಕೊನೇ ಬೀದಿ ಟೀಚರ್ ಮನೇಲಿ ನಾಲ್ಕು ದಿನದಿಂದ ಮಲಗಿಸ್ತಾ ಇದಾರೆ. ಒಬ್ಬರೂ ತುಟಿಪಿಟಕ್ ಅಂದಿಲ್ಲ."

ಅವಳು ಬೆಚ್ಚಿದಳು. ತನಗೆ ಮಾಡುತ್ತೇವೆಂದು ಆರು ವಾರ ಸತಾಯಿಸಿ, ನಡುವೆ ಮೂರು ಮನೆಗೆ ಕೊಟ್ಟಿದ್ದಾರೆ.

"ನಾಳೆ ಹತ್ತೂವರೆಗೆ ಶೋರೂಮಿನವರು ಬರ್ತಾರೆ," ಎಂದು ಮಾವ ಮಾತು ಮುಗಿಸಿದರು. "ತೊಟ್ಟಿಲಲ್ಲಿ ಮಗು ಮಲಗಿರೋ ಫೋಟೋ ಬೇಕಂತೆ. ಅವರಿಗೆ ಹಿಡಿಸಿದ್ರೆ ತಿಂಗಳಿಗೆ ಹತ್ತು ತೊಟ್ಟಿಲು. ಬೆಳಗ್ಗೆ ಕೊನೇ ಪಾಲಿಶ್ ಉಜ್ಜಿಸ್ತೀನಿ. ಮಗೂಗೆ ಒಳ್ಳೇ ಬಟ್ಟೆ ಹಾಕು."

ಅವಳು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಿತ್ತು. ಮಾತು ಹೊರಡಲಿಲ್ಲ. ಈ ಮಾತನ್ನು ನಲ್ಲಿಗೆ ಹೇಳಿ ಆಗಬೇಕಾದ್ದು ಏನೂ ಇರಲಿಲ್ಲ. ತಿರುಗಿಸಿ ನಿಲ್ಲಿಸಿ, ಹೊರಗೆ ಬಂದು ಮಗುವನ್ನು ನೆಲದ ಹಾಸಿಗೆಯಲ್ಲೇ ಮಲಗಿಸಿದಳು. ಗಂಡ ಹುಬ್ಬೇರಿಸಿದ. ಅವಳು ಅವನ ಕಡೆ ನೋಡಲೂ ಇಲ್ಲ.

ಮರುದಿನ ಬೆಳಗ್ಗೆ ಪಾಲಿಶಜ್ಜಿ ಬಂದರು. ಕಾರ್ಖಾನೆಯಲ್ಲಿ ಮರ ಉಜ್ಜುವ ಮುದುಕಿ. ದೊಡ್ಡ ಮೇಸ್ತ್ರಿಯ ಕಾಲದಿಂದಲೂ ಅಲ್ಲೇ ಇದ್ದವರು. ಉಗುರುಗಳೆಲ್ಲ ಪಾಲಿಶ್ ಕುಡಿದು ಕಂದಾಗಿದ್ದವು. ಸೆರಗಿನಲ್ಲಿ ಉಪ್ಪುಕಾಗದದ ಚೂರುಗಳನ್ನು ಕಟ್ಟಿಕೊಂಡು, ಮೊಣಕಾಲು ಹಿಡಿದು ಮೆಟ್ಟಿಲು ಹತ್ತಿ, ಮೊದಲು ಮಗುವನ್ನು ದೂರದಿಂದಲೇ ನೋಡಿ, "ಅಯ್ಯೋ ನನ್ನ ಬಂಗಾರದ ತುಣುಕೇ, ತಾತನ ಮೂಗು ಹಾಕ್ಕೊಂಡು ಬಂದಿದೀಯಲ್ಲೇ, ಎಲ್ಲಿ ಇಡ್ತೀಯ ಅಷ್ಟು ದೊಡ್ಡದನ್ನ?" ಎಂದು, ಆಮೇಲೆ ತೊಟ್ಟಿಲ ಪಕ್ಕ ಕೂತು ಕೆಲಸಕ್ಕೆ ಶುರುಮಾಡಿದರು. ಸರಕ್ ಸರಕ್ ಸದ್ದು. ಅವಳು ಮಗುವಿಗೆ ಹಾಲು ಕುಡಿಸುತ್ತಾ ನೋಡುತ್ತಿದ್ದಳು.

"ಇದು ಸುಖ ನೋಡು ತಾಯಿ," ಎಂದರು ಅಜ್ಜಿ ಉಜ್ಜುತ್ತಲೇ. "ಕೈ ಸಲೀಸಾಗಿ ಹೋಗುತ್ತೆ. ದೊಡ್ಡ ಮೇಸ್ತ್ರಿ ಮಾಡಿದ್ರೆ ನನ್ನ ಪ್ರಾಣ ಹೋಗ್ತಿತ್ತು. ಕಾಗದ ಹಿಡಿದ ಕೈ ತೂರ್ತಾ ಇರಲಿಲ್ಲ. ಕಡ್ಡಿಗೆ ಕಾಗದ ಸುತ್ಕೊಂಡು ಸಂದಿ ಸಂದಿ ಉಜ್ಜಬೇಕಾಗಿತ್ತು. ಬೆನ್ನು ಬಿದ್ದುಹೋಗ್ತಿತ್ತು."

ಅವಳು ಮಗುವನ್ನು ಭುಜಕ್ಕೆ ಎತ್ತಿಕೊಂಡಳು. "ಅಜ್ಜಿ, ಅವರೂ ಹಿಡಿ ಅಳತೇನೇ ಇಡ್ತಿದ್ರಲ್ಲ?"

"ಹ್ಞೂ ಮತ್ತೆ. ಹಿಡಿ ಇಟ್ಟು ಇಟ್ಟೇ ಗುರುತು ಹಾಕೋರು."

"ಹಾಗಾದ್ರೆ ನಿಮ್ಮ ಕೈ ಯಾಕೆ ತೂರ್ತಿರಲಿಲ್ಲ?"

ಅಜ್ಜಿ ಉಜ್ಜುವುದು ನಿಲ್ಲಿಸಿ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಅವರ ಹಿಡೀಲಿ ಎಷ್ಟು ಇತ್ತು ಮಗಾ? ಮೊದಲೇ ಕಡ್ಡಿ ಆಳು. ಸಾಲದ್ದಕ್ಕೆ ಕಿರುಬೆರಳನ್ನ ಗರಗಸಕ್ಕೆ ಕೊಟ್ಟಿದ್ರು, ಬುಡಸಮೇತ. ನಿಮ್ಮ ಮಾವ ಹುಟ್ಟೋಕೂ ಮುಂಚೆ. ಮೂರು ಬೆರಳಿನ ಹಿಡಿ ಅದು."

ಕೆಳಗೆ ಗರಗಸ ಕಿರುಚಿತು. ಲೋಟಗಳು ಕಿಣಿಕಿಣಿ ಅಂದವು. ಅವಳು ಅಜ್ಜಿಯ ಕೈ ಹಿಡಿದು, ಕಿರುಬೆರಳು ಬಿಟ್ಟು ಉಳಿದ ಮೂರನ್ನು ಮಡಿಸಿ, ಸ್ಕೇಲು ಇಟ್ಟಳು. ಐವತ್ತೇಳು ಮಿಲಿಮೀಟರ್. ಮುದುಕಿಯ ಕೈ, ನಿಜ. ಆದರೂ ಲೆಕ್ಕ ಹೊಂದುತ್ತಿತ್ತು. ಇಡೀ ಬೀದಿಯ ಮಕ್ಕಳನ್ನು ಕಾಪಾಡಿದ್ದು ದೊಡ್ಡ ಮೇಸ್ತ್ರಿಯ ಹಿಡಿಯಲ್ಲ, ಆ ಹಿಡಿಯಲ್ಲಿ ಇಲ್ಲದಿದ್ದ ಬೆರಳು. ಮಾವ ಅಪ್ಪನ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ತಮ್ಮ ಎಮ್ಮೆಯಂಥ ಕೈಯನ್ನು ಇಟ್ಟು ಗುರುತು ಹಾಕಿದ್ದರು.

ಅವಳಿಗೆ ನಗು ಬರಬೇಕಿತ್ತು. ಬಂದದ್ದು ಕಣ್ಣು ಕತ್ತಲಿಡುವಂಥ ಸಿಟ್ಟು. ನಿನ್ನೆ ಇವರು ನಕ್ಕಿದ್ದರು. ಡಬ್ಬಿ ಉರುಳಿದರೂ ನಕ್ಕಿದ್ದರು.

ಹತ್ತೂವರೆಗೆ ಅಂದವರು ಹತ್ತಕ್ಕೇ ಬಂದರು. ಶೋರೂಮಿನ ಮನುಷ್ಯ ಸೆಂಟಿನ ವಾಸನೆ ಹೊತ್ತುಕೊಂಡು, ಎರಡು ಫೋನು ಹಿಡಿದುಕೊಂಡು ಕೋಣೆಗೆ ಬಂದು, "ಓಹೋಹೋ, ಮೇಸ್ತ್ರಿ, ಕೆಲಸ ಅಂದ್ರೆ ಇದು!" ಎಂದ. ಹಿಂದೆ ಮಾವ, ಗಂಡ. ಅತ್ತೆ ಹೊಸ ಸೀರೆ ಉಟ್ಟಿದ್ದರು. ಪಾಲಿಶಜ್ಜಿ ಮೂಲೆಗೆ ಸರಿದು ನಿಂತರು.

"ಮಗು ಮಲಗಿಸಿ ಮೇಡಂ, ಬೆಳಕು ಚೆನ್ನಾಗಿದೆ," ಎಂದು ಆ ಮನುಷ್ಯ ಫೋನು ಎತ್ತಿದ.

ಅತ್ತೆ ಎರಡೂ ಕೈ ಚಾಚಿ ಬಂದರು. "ಕೊಡಮ್ಮ ಇಲ್ಲಿ."

"ಕೊಡಲ್ಲ."

ಅಷ್ಟು ದೊಡ್ಡ ದನಿ ತನ್ನಲ್ಲಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಭುಜದ ಮೇಲೆ ಮಗು ಬೆಚ್ಚಿ ಕೈ ಅಗಲಿಸಿತು. ಅವಳು ಅದರ ಬೆನ್ನ ಮೇಲೆ ಅಂಗೈ ಒತ್ತಿಕೊಂಡು, ದನಿ ಇಳಿಸದೆ ಕೇಳಿದಳು. "ಮಾವ, ನಿಮ್ಮಪ್ಪನ ಕೈಗೆ ಎಷ್ಟು ಬೆರಳು?"

"ಏನು?"

"ಹಿಡಿ ಅಳತೆ ಅಂದ್ರಲ್ಲ. ಯಾವ ಹಿಡಿ? ಎಷ್ಟು ಬೆರಳಿನ ಹಿಡಿ?"

"ಏನೇ ಇದು, ಬಂದವರ ಮುಂದೆ," ಎಂದ ಗಂಡ, ಹಲ್ಲಿನ ಸಂದಿಯಿಂದ.

ಮಾವನ ಬಲಗೈ ತಾನಾಗಿ ಮುಷ್ಟಿಯಾಯಿತು. ಅದನ್ನು ನೋಡಿದರು. ಎಡಗೈಯಿಂದ ಕಿರುಬೆರಳನ್ನು ಮುಚ್ಚಿದರು. ಮತ್ತೆ ತೆರೆದರು. ಅಪ್ಪನದು ಹುಟ್ಟಿದಾಗಿನಿಂದ ನೋಡಿದ ಕೈ. ಅಪ್ಪನ ಕೈ ಇರುವುದೇ ಹಾಗೆ ಎಂದುಕೊಂಡು, ಅದರಲ್ಲಿ ಒಂದು ಬೆರಳು ಕಡಿಮೆ ಎಂಬುದನ್ನು ಅವರು ಯಾವತ್ತೂ ಎಣಿಸಿರಲಿಲ್ಲ.

"ಹೌದಲ್ರೀ," ಎಂದರು ಅತ್ತೆ ಮೆಲ್ಲಗೆ. "ನಾನು ಬಂದಾಗ್ಲೇ ಕಿರುಬೆರಳು ಇರಲಿಲ್ಲ ಅವರಿಗೆ."

ಶೋರೂಮಿನವನಿಗೆ ತಲೆಬುಡ ತಿಳಿಯಲಿಲ್ಲ. "ಅದೆಂಥ ಬೆರಳಿನ ಲೆಕ್ಕ ಮೇಸ್ತ್ರಿ? ಸಂದಿ ವಿಷಯನಾ? ಗಿರಾಕಿ ಪಾಲಿಶ್ ನೋಡ್ತಾರೆ ಸ್ವಾಮಿ, ಸಂದಿ ಯಾರು ನೋಡ್ತಾರೆ? ಐದು ನಿಮಿಷ ಮಲಗಿಸಿ, ಫೋಟೋ ಆದ ಮೇಲೆ ಎತ್ಕೊಂಡ್ಬಿಡಿ. ಬೇಕಾದ್ರೆ ಒಂದು ದಿಂಬು ಅಡ್ಡ ಇಡಿ."

"ನಾನು ನೋಡ್ತೀನಿ ಸಂದಿ," ಎಂದಳು ಅವಳು.

"ಮೇಡಂ, ನೀವು ಸ್ವಲ್ಪ..."

"ನಿಮಗೆ ಫೋಟೋ ಬೇಕಿದ್ರೆ ನೀವೇ ಮಲಗ್ರಿ ಅದರಲ್ಲಿ."

ಮೂಲೆಯಲ್ಲಿ ಪಾಲಿಶಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಆ ಮನುಷ್ಯ ಮಾವನ ಮುಖ ನೋಡಿದ. ಮಾವ ಇನ್ನೂ ಮುಷ್ಟಿಯನ್ನೇ ನೋಡುತ್ತಿದ್ದರು. "ಇವತ್ತು ಬೇಡ," ಎಂದರು ಕೊನೆಗೆ. "ಇದಕ್ಕೆ ಇನ್ನೂ ಸರಳು ಹಾಕೋದಿದೆ."

"ನಾನು ಎರಡು ಸಲ ಬರೋ ಆಸಾಮಿ ಅಲ್ಲ ಮೇಸ್ತ್ರಿ."

"ಬರಬೇಡಿ ಹಾಗಾದ್ರೆ."

ಅವನು ಮೆಟ್ಟಿಲು ಇಳಿಯುವ ಸದ್ದು ಕೆಳಗೆ ಹೋಗಿ ನಿಂತಿತು. ನಿಂತ ಮೇಲೆ ಮಾವ ಸೊಸೆಯ ಕಡೆ ತಿರುಗಿದರು. ಮುಖ ಕೆಂಪೇರಿತ್ತು. "ಹೊರಗಿನವರ ಮುಂದೆ ನಮ್ಮಪ್ಪನ ಬೆರಳು ಎಣಿಸಿಬಿಟ್ಟೆ. ಒಳಗೆ ಹೇಳಬಹುದಿತ್ತು."

ಬೇರೆ ದಿನವಾಗಿದ್ದರೆ ಅವಳು ತಲೆ ತಗ್ಗಿಸುತ್ತಿದ್ದಳು. ತಪ್ಪಾಯ್ತು ಮಾವ ಎಂಬ ಮಾತು ಅಭ್ಯಾಸಬಲದಿಂದ ಗಂಟಲವರೆಗೆ ಬಂದೂ ಬಂತು. ಅದನ್ನು ಅಲ್ಲೇ ಅದುಮಿದಳು.

"ನಿನ್ನೆ ಒಳಗೇ ಹೇಳಿದ್ದೆ ಮಾವ. ಒಂದಲ್ಲ, ಎರಡಲ್ಲ. ಡಬ್ಬಿ ತೂರಿಸಿ ತೋರಿಸಿದೆ. ನೀವು ನಕ್ರಿ."

ಮಾವ ಬಗ್ಗಿ ಮಂಚದ ಪಟ್ಟಿ ಬಿಚ್ಚತೊಡಗಿದರು. "ಇವತ್ತೇ ಸರಿ ಮಾಡ್ತೀನಿ. ಒಂದೊಂದು ಸಂದಿ ಮಧ್ಯೆ ಒಂದೊಂದು ಸರಳು."

"ಆಯ್ತಲ್ಲ, ಈಗ ಸಮಾಧಾನವಾ ಮಹಾರಾಣಿ?" ಎಂದ ಗಂಡ. ರಾಜಿಯ ದನಿ. ಎಲ್ಲ ಮುಗಿಯಿತು, ಇನ್ನು ನಕ್ಕುಬಿಡು ಅನ್ನುವ ದನಿ.

"ಆ ಮೂರು ತೊಟ್ಟಿಲು?"

"ಯಾವ ಮೂರು?"

"ಕೊಟ್ಟಾಯ್ತು ಅಂದ್ರಲ್ಲ, ಮೂರು ಮನೆಗೆ. ಅವಕ್ಕೂ ಇದೇ ಹಿಡಿ ತಾನೆ?"

ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಭಾನುವಾರ ಹೋಗಿ ನಿಧಾನಕ್ಕೆ ಹೇಳೋಣ," ಎಂದ ಗಂಡ. "ಒಂದೊಂದಾಗಿ ತಂದು ಸರಿ ಮಾಡಿ ಕೊಡೋಣ. ಈಗ ಏಕಾಏಕಿ ಹೋಗಿ ನಾವು ಮಾಡಿದ್ದು ತಪ್ಪು ಅಂದ್ರೆ ನಮ್ಮ ಹೆಸರು ಏನಾಗಬೇಕು? ಅವರ ಮಕ್ಕಳಿಗೆ ಏನೂ ಆಗಿಲ್ವಲ್ಲ."

"ಇನ್ನೂ ಆಗಿಲ್ಲ," ಎಂದಳು. "ಇವತ್ತು ಗುರುವಾರ. ಭಾನುವಾರದ ತನಕ ಆ ಮಕ್ಕಳು ಎಲ್ಲಿ ಮಲಗಬೇಕು, ನೀವೇ ಹೇಳಿ. ಆಕಾಶದಲ್ಲಾ?"

ಗಂಡನ ಕಿವಿ ಕೆಂಪಾಯಿತು.

"ಫೋನ್ ತೆಗೀರಿ. ಮಗೂನ ತೊಟ್ಟಿಲಿಂದ ಎತ್ತಿ, ನೆಲದ ಮೇಲೆ ಗಟ್ಟಿ ಹಾಸಿಗೆ ಹಾಕಿ ಮಲಗಿಸಿ ಅಂತ ಹೇಳಿ. ಅಷ್ಟೇ ಸಾಕು. ಹೆಸರು, ಮರ್ಯಾದೆ ಎಲ್ಲ ಆಮೇಲೆ."

ಅವನು ಅಪ್ಪನನ್ನು ನೋಡಿದ. ಮಾವ ಪಟ್ಟಿ ಬಿಚ್ಚುತ್ತಲೇ, ತಲೆ ಎತ್ತದೆ, "ಮಾಡೋ," ಎಂದರು.

ಮೊದಲನೆಯ ಮನೆಯವರು ಫೋನು ಎತ್ತಿದರು. ಅವರ ಹೆರಿಗೆಗೆ ಇನ್ನೂ ಒಂದು ವಾರವಿತ್ತು, ತೊಟ್ಟಿಲಲ್ಲಿ ಬಟ್ಟೆ ಪೇರಿಸಿಟ್ಟಿದ್ದರು. ಎರಡನೆಯವರು ಗಾಬರಿಯಾಗಿ, ಬೈದು, ಫೋನು ಕಿವಿಯಲ್ಲಿ ಇದ್ದಂತೆಯೇ ಮಗುವನ್ನು ಎತ್ತಿಕೊಂಡರು. ಅಳು ಇಲ್ಲಿಗೇ ಕೇಳಿಸಿತು. ಬೈಗುಳ ತಿಂದು ಗಂಡ ಹಣೆ ಒರೆಸಿಕೊಂಡ. ಮೂರನೆಯದು ಕೊನೇ ಬೀದಿಯ ಟೀಚರ್ ಮನೆ. ಫೋನು ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಮಾಡಿದ. ಮತ್ತೆ ನಿಂತಿತು.

"ಏನೋ ಕೆಲಸದಲ್ಲಿರ್ತಾರೆ," ಎಂದ. "ಒಂದರ್ಧ ಗಂಟೆ ಬಿಟ್ಟು ಮತ್ತೆ..."

ಅವಳು ಮಗುವಿನ ಬಾಯಿ ಒರೆಸಿದಳು. ಪಾಲಿಶಜ್ಜಿ ಹೇಳದೆಯೇ ಬಚ್ಚಲುಮನೆಗೆ ಹೋಗಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮಡಿಲು ಹರಡಿದರು. "ಕೊಡು ತಾಯಿ. ನೀನು ಬರೋ ತನಕ ನಾನು ಕಣ್ಣು ಮಿಟುಕಿಸಲ್ಲ."

"ಬಾಣಂತಿ, ಬಿಸಿಲಲ್ಲಿ ಎಲ್ಲಿಗೆ ಹೊರಟೆ?" ಎಂದರು ಅತ್ತೆ. "ಅವನು ಹೋಗಲಿ."

"ಅವರು ಹೋದ್ರೆ ಬಾಗಿಲಲ್ಲಿ ನಿಂತು ಹವಾಮಾನ ಮಾತಾಡ್ಕೊಂಡು ಬರ್ತಾರೆ."

ಮಾವ ಎದ್ದು ನಿಂತು ಸ್ಕ್ರೂಡ್ರೈವರಿನ ಚೀಲ ಭುಜಕ್ಕೆ ಹಾಕಿಕೊಂಡರು.

ಬೀದಿಯಲ್ಲಿ ಅವಳು ಮುಂದೆ, ಮಾವ ನಾಲ್ಕು ಹೆಜ್ಜೆ ಹಿಂದೆ. ಹೊಲಿಗೆ ಎಳೆಯುತ್ತಿತ್ತು. ಔಷಧದ ಅಂಗಡಿಯವನು "ಏನಮ್ಮ, ಇಷ್ಟು ಬೇಗ ಓಡಾಟ?" ಅಂದ. ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ನೋಡಿದಳು. ಎಂದಿನಂತೆ ನೆಲ ನೋಡಿಕೊಂಡು ನಡೆಯಲು ಅವಳಿಗೆ ಪುರುಸೊತ್ತಿರಲಿಲ್ಲ. ಹಿಂದಿನಿಂದ ಚೀಲದೊಳಗಿನ ಕಬ್ಬಿಣ ಝಣಝಣ ಅನ್ನುತ್ತಿತ್ತು. ಒಮ್ಮೆ ಮಾವ ಏನೋ ಹೇಳಿದರು. ಅಪ್ಪ ಇದ್ದಿದ್ರೆ ಎಂದೋ, ಅಪ್ಪನಿಗೆ ಎಂದೋ. ಅವಳು ನಿಲ್ಲಲಿಲ್ಲ. ಮಾವನ ದುಃಖಕ್ಕೆ ಕಿವಿಗೊಡುವಷ್ಟು ಒಳ್ಳೆಯತನ ಆ ಹೊತ್ತಿಗೆ ಅವಳಲ್ಲಿ ಉಳಿದಿರಲಿಲ್ಲ, ಉಳಿದಿಲ್ಲವೆಂದು ನಾಚಿಕೆಯೂ ಆಗಲಿಲ್ಲ.

ಟೀಚರ್ ಮನೆಯ ಬಾಗಿಲ ಗಂಟೆಗೆ ಸದ್ದಾಗದ ಹಾಗೆ ಬಟ್ಟೆ ಸುತ್ತಿ ದಾರ ಕಟ್ಟಿದ್ದರು. ಅವಳು ಅಂಗೈಯಿಂದ ಬಾಗಿಲು ಬಡಿದಳು. ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಬಡಿದಳು. ಒಳಗೆ ಚಿಲಕ ಸರಿಯಿತು. ಕೆದರಿದ ಕೂದಲಿನ, ನಿದ್ದೆಗೆಟ್ಟ ಹೆಂಗಸೊಬ್ಬಳು ಬಾಗಿಲನ್ನು ಒಂದು ಗೇಣು ತೆರೆದು, ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದಳು.

"ಶ್! ಏನ್ರೀ ಇದು? ಫೋನೂ ಸೈಲೆಂಟ್ ಮಾಡಿಟ್ಟಿದೀನಿ. ಇಡೀ ಬೆಳಗ್ಗೆ ಅತ್ತು ಅತ್ತು ಈಗ ತಾನೇ ಮಲಗಿದೆ ಮಗು. ಅರ್ಧ ಗಂಟೆಯಿಂದ ಒಂದು ಸದ್ದಿಲ್ಲ. ಆಮೇಲೆ ಬನ್ನಿ."

"ಎಲ್ಲಿ ಮಲಗಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಅವಳು ಭುಜದಿಂದ ಬಾಗಿಲನ್ನು ನೂಕಿ ಒಳಗೆ ನುಗ್ಗಿದಳು.